ಜ್ವರವಿಲ್ಲದ ಬೀದಿ

ಹಾಜರಿ ಮೇಷ್ಟ್ರು ನಿಜವಾಗಿ ಮೇಷ್ಟ್ರಲ್ಲ, ಶಾಲೆಯ ಆಫೀಸಿನಲ್ಲಿ ಗುಮಾಸ್ತರು. ಬೀದಿಯಲ್ಲಿ ಯಾರೋ ಒಮ್ಮೆ ಬಾಯ್ತಪ್ಪಿ "ಮೇಷ್ಟ್ರೇ" ಎಂದು ಕರೆದರು, ಇವರು ಓಗೊಟ್ಟರು. ಅಲ್ಲಿಗೆ ನೇಮಕಾತಿ ಮುಗಿಯಿತು.

ದಿನವೂ ಬೆಳಗ್ಗೆ ಯಾವ ತರಗತಿಯಲ್ಲಿ ಎಷ್ಟು ಮಕ್ಕಳು ಬಂದಿಲ್ಲ ಎಂದು ಲೆಕ್ಕ ತೆಗೆಯುವುದು ಅವರ ಕೆಲಸ. ಸೋಮವಾರ ಪ್ರಾರ್ಥನೆ ಮುಗಿದ ಮೇಲೆ, ಹಿಂದಿನ ವಾರ ಯಾರೂ ತಪ್ಪಿಸಿಕೊಳ್ಳದ ತರಗತಿಗೆ ಹಿತ್ತಾಳೆಯ ಕಪ್ ಒಂದನ್ನು ಕೊಡುವುದೂ ಅವರೇ. ಈ ಕೆಲಸದಲ್ಲಿ ಕೂದಲು ಹಣ್ಣಾಗುವ ಹೊತ್ತಿಗೆ ಅವರಿಗೆ ಲೋಕದ ಬಗ್ಗೆ ಒಂದು ಖಚಿತವಾದ ತಿಳಿವಳಿಕೆ ಬಂದುಬಿಟ್ಟಿತ್ತು. ಯಾರಾದರೂ ಮಕ್ಕಳನ್ನು ಎಣಿಸುತ್ತಿದ್ದಾರೆ ಎಂದರೆ ಕೊನೆಯಲ್ಲಿ ಎಲ್ಲೋ ಒಂದು ಕಪ್ ಇದ್ದೇ ಇರುತ್ತದೆ. ಸುಮ್ಮಸುಮ್ಮನೆ ಯಾರೂ ಎಣಿಸುವುದಿಲ್ಲ.

ಹೀಗಿರುವಾಗ ಒಂದು ಭಾನುವಾರ ಅವರ ಬೀದಿಗೆ ಒಬ್ಬ ಡಾಕ್ಟರಮ್ಮ ಬಂದರು. ಟೈಲರ್ ಅಂಗಡಿಯ ಮುಂದಿನ ನೆರಳಿನಲ್ಲಿ ಕುರ್ಚಿಗಳನ್ನು ಹಾಕಿಸಿ, ಸೊಳ್ಳೆ ಕಚ್ಚಿ ಬರುವ ಮಲೇರಿಯಾ ಜ್ವರ ಮಕ್ಕಳಿಗೆ ಒಂದು ವರ್ಷದಲ್ಲಿ ಎಷ್ಟು ಸಲ ಬರುತ್ತದೆ ಎಂದು ನೋಡುತ್ತಿದ್ದೇವೆ ಎಂದು ತಿಳಿಸಿದರು. ಇದಕ್ಕೆ ಎರಡು ಬೀದಿಗಳನ್ನು ತೆಗೆದುಕೊಂಡಿದ್ದರು: ಇದೊಂದು, ಹಿಂದಿನ ದೊಡ್ಡ ಚರಂಡಿಯ ಆಚೆಗಿನದು ಇನ್ನೊಂದು. ಪ್ರತಿ ಮಂಗಳವಾರ ಸಿಸ್ಟರ್ ಮನೆಮನೆಗೆ ಬಂದು ಮಕ್ಕಳ ಹಣೆ ಮುಟ್ಟಿ ನೋಡುತ್ತಾರೆ. ಬಿಸಿ ಇದ್ದರೆ ಬೆರಳಿನಿಂದ ಒಂದು ತೊಟ್ಟು ರಕ್ತ ತೆಗೆದು ಪರೀಕ್ಷೆ ಮಾಡಿ, ಔಷಧಿಯನ್ನು ಅಲ್ಲೇ ಕೊಡುತ್ತಾರೆ. ದಯವಿಟ್ಟು ಜ್ವರ ಬಂದರೆ ಮುಚ್ಚಿಡಬೇಡಿ ಎಂದೂ ಹೇಳಿದರು.

ಬೇರೆಷ್ಟೋ ಬೀದಿಗಳಿರುವಾಗ ನಮ್ಮದೇ ಯಾಕೆ ಎಂದು ಟೈಲರ್ ಕೇಳಿದ. ಡಾಕ್ಟರಮ್ಮ ಹಿಂದಿನ ಚರಂಡಿಯ ಕಡೆ ಒಮ್ಮೆ ನೋಡಿದರು. ಎದುರಿಗೆ ಕುಳಿತವರು ಒಗೆದ ಬಟ್ಟೆ ಹಾಕಿಕೊಂಡು, ತಲೆ ಬಾಚಿಕೊಂಡು ಬಂದಿದ್ದನ್ನೂ ನೋಡಿದರು. ಮರ್ಯಾದೆಯುಳ್ಳ ಹೆಂಗಸು. "ನೀವೆಲ್ಲ ಒಳ್ಳೆ ಜನ, ಸಹಕಾರ ಕೊಡ್ತೀರಿ ಅಂತ ಆರಿಸಿಕೊಂಡ್ವಿ" ಎಂದರು. ಮುಂದೆ ಆದದ್ದಕ್ಕೆಲ್ಲ ಈ ಒಂದು ಒಳ್ಳೆಯ ಮಾತೇ ಕಾರಣ.

ಡಾಕ್ಟರಮ್ಮನ ಜೀಪು ತಿರುವು ದಾಟುವ ಮೊದಲೇ ಹಾಜರಿ ಮೇಷ್ಟ್ರು ಎದ್ದು ನಿಂತಿದ್ದರು. ಆರಿಸಿದ್ದಾರೆ. ಎರಡು ಬೀದಿ ಇಟ್ಟಿದ್ದಾರೆ. ವಾರವಾರ ಬಂದು ಎಣಿಸುತ್ತಾರೆ. ಇಷ್ಟು ಹೇಳಿದ ಮೇಲೂ ಅರ್ಥವಾಗದಿದ್ದರೆ ಹೇಗೆ ಎಂದು ಅವರು ಬೀದಿಯವರನ್ನು ಕೇಳಿದರು. ಬೀದಿಯವರಿಗೆ ಅರ್ಥವಾಗಿರಲಿಲ್ಲ, ಅರ್ಥ ಮಾಡಿಸಿದರು.

"ಆದ್ರೆ ಮುಚ್ಚಿಡಬೇಡಿ ಅಂದ್ರಲ್ಲ ಮೇಷ್ಟ್ರೇ" ಎಂದ ಟೈಲರ್.

"ಶಾಲೆಗೆ ಇನ್‌ಸ್ಪೆಕ್ಷನ್ನಿಗೆ ಬರೋವರೂ ಹಾಗೇ ಅನ್ನೋದು. ದಿನಾ ಹೇಗಿರ್ತೀರೋ ಹಾಗೇ ಇರಿ ಅಂತಾರೆ. ನಾವು ಇರ್ತೀವಾ?"

ಗೆದ್ದರೆ ಏನು ಕೊಡುತ್ತಾರೆ ಎಂದು ಟೈಲರನ ಹೆಂಡತಿ ವಿಚಾರಿಸಿದಳು. ಅದನ್ನು ಮೊದಲೇ ಹೇಳಿದರೆ ಜನ ಆಸೆಗೆ ಬಿದ್ದು ಮೋಸ ಮಾಡುತ್ತಾರೆ, ಅದಕ್ಕೇ ಹೇಳಿಲ್ಲ ಎಂದರು ಮೇಷ್ಟ್ರು.

ಮೇಷ್ಟ್ರ ಅತ್ತೆ ಕಿಟಕಿಯ ಪಕ್ಕ ಕುಳಿತು ಟೈಲರ್ ಅಂಗಡಿಯ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದರು. ದಾರವನ್ನು ಹಲ್ಲಿನಿಂದ ಕಡಿದು, "ಈ ವಿಷಯ ಸೊಳ್ಳೆಗಳಿಗೂ ಹೇಳಿದ್ದೀರಾ ಅಳಿಯಂದಿರೇ?" ಎಂದು ಕೇಳಿದರು.

ಸಿಸ್ಟರ್ ಬರತೊಡಗಿದರು. ಸಣ್ಣ ಹೆಗಲಿಗೆ ದೊಡ್ಡ ಚೀಲ ಹಾಕಿಕೊಂಡು, ಬಸ್ಸಿನಿಂದ ಇಳಿದು ನಡೆದೇ ಬರುವ ಹುಡುಗಿ. ಮಕ್ಕಳ ಹಣೆ ಮುಟ್ಟುವ ಮುಂಚೆ ಎರಡೂ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಳು. ಹಾಗೆ ಮಾಡಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ. ಬಿಚ್ಚಿದ ಜಡೆ ಕಂಡರೆ ಕಟ್ಟಿ ಕಳಿಸುತ್ತಿದ್ದಳು. ಎಲ್ಲ ಮನೆಗಳಲ್ಲೂ ಜ್ವರ ಇದೆಯಾ ಎಂದು ಕೇಳುತ್ತಿದ್ದಳು, ಎಲ್ಲ ಮನೆಗಳಲ್ಲೂ ಇಲ್ಲ ಎನ್ನುತ್ತಿದ್ದರು. ಅವಳಿಗೆ ಮನಸ್ಸಾರೆ ಸಂತೋಷವಾಗುತ್ತಿತ್ತು.

ಜ್ವರ ಮಾತ್ರ ತನ್ನ ಪಾಡಿಗೆ ತಾನು ಬರುತ್ತಿತ್ತು. ಟೈಲರನಿಗೆ ಅವಳಿ ಗಂಡುಮಕ್ಕಳು. ಮೊದಲು ಮಲಗಿದವನು ದೊಡ್ಡವನು, ಅದೂ ಮಂಗಳವಾರವೇ. ಟೈಲರ್ ಅಳತೆಯ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಮೇಷ್ಟ್ರಲ್ಲಿಗೆ ಓಡಿಬಂದ. ಮೇಷ್ಟ್ರು ಸ್ವಲ್ಪ ಯೋಚಿಸಿ, ದೇವರು ನಿನಗೆ ಒಂದೇ ಅಚ್ಚಿನ ಇಬ್ಬರನ್ನು ಸುಮ್ಮನೆ ಕೊಟ್ಟಿಲ್ಲ ಎಂದರು. ಸಿಸ್ಟರ್ ಬಂದಾಗ ಚಿಕ್ಕವನು ಮುಂಬಾಗಿಲಲ್ಲಿ ನಿಂತು ಹಣೆ ತೋರಿಸಿದ, ಒಳಗೆ ಹೋದ, ಹಿತ್ತಿಲಿನಿಂದ ಓಡಿ, ಪಕ್ಕದ ಓಣಿ ಸುತ್ತಿ, ಅಣ್ಣನ ಅಂಗಿ ತೊಟ್ಟು, ಆಟದಿಂದ ಬಂದವನ ಹಾಗೆ ಬೀದಿಯ ಕಡೆಯಿಂದ ಬಂದು ಮತ್ತೆ ಹಣೆ ತೋರಿಸಿದ. ಸಿಸ್ಟರ್ ಹಣೆ ಮುಟ್ಟಿದಳು, ಜ್ವರವಿಲ್ಲ. ಆದರೆ ಹುಡುಗ ಏದುಸಿರು ಬಿಡುತ್ತಿದ್ದ. ಅವಳು ಅವನ ಬೆನ್ನಿಗೆ ಕಿವಿಯಿಟ್ಟು ಕೇಳಿ, ಚಿಂತೆಯಿಂದ ಏನೋ ಬರೆದುಕೊಂಡು ಹೋದಳು. ಅವಳಿಗಳಿಲ್ಲದ ಮನೆಗಳಲ್ಲಿ, ಮಲಗಿದ ಮಗು ನೆಂಟರ ಊರಿಗೆ ಹೋಗಿದೆ ಎನ್ನುತ್ತಿದ್ದರು.

ಯಾವ ಮಗುವಿಗೂ ಔಷಧಿ ತಪ್ಪಿಸಲಿಲ್ಲ, ಅದನ್ನು ಹೇಳಲೇಬೇಕು. ಎರಡು ಬಸ್ ಬದಲಾಯಿಸಿದರೆ ಊರಿನ ಇನ್ನೊಂದು ತುದಿಯಲ್ಲಿ ಒಬ್ಬ ಡಾಕ್ಟರಿದ್ದರು, ಅಲ್ಲಿಗೆ ಕರೆದೊಯ್ಯುತ್ತಿದ್ದರು. ಬಾಗಿಲಿಗೇ ಬಂದ ಬಿಟ್ಟಿ ಔಷಧಿಯನ್ನು ನಗುನಗುತ್ತಾ ಹಿಂದೆ ಕಳಿಸಿ, ದುಡ್ಡು ಕೊಟ್ಟು ಅದೇ ಔಷಧಿಯನ್ನು ಬಸ್ಸಿನಲ್ಲಿ ತರುವುದು ಬೀದಿಯ ಪದ್ಧತಿಯಾಯಿತು. ಆ ಡಾಕ್ಟರ ಬೆಂಚಿನ ಮೇಲೆ ಒಂದೇ ಬೀದಿಯ ನಾಲ್ಕು ತಾಯಂದಿರು ಸೆರಗು ಹೊದ್ದು, ಒಬ್ಬರಿಗೊಬ್ಬರು ಗುರುತೇ ಇಲ್ಲದವರಂತೆ ಕುಳಿತಿದ್ದೂ ಉಂಟು.

ಮೇಷ್ಟ್ರ ಮಗಳು ಗುಬ್ಬಿಯನ್ನೂ ಜ್ವರ ಬಿಡಲಿಲ್ಲ. ಅವಳಿಗೆ ಏಳು ವರ್ಷ, ಸತ್ಯ ಹೇಳುವ ವಯಸ್ಸು. ಕಂಬಳಿಯೊಳಗಿನಿಂದ ಮುಖ ಹೊರಗೆ ಹಾಕಿ, "ಅಪ್ಪಾ, ನನಗೆ ಜ್ವರ ಬಂದಿದೆಯೋ ಇಲ್ವೋ?" ಎಂದು ಕೇಳಿದಳು.

"ನಾಳೆ ಬರುತ್ತೆ ಕಂದ. ಇವತ್ತು ಮಂಗಳವಾರ."

ಆಚೆ ಬೀದಿಯಲ್ಲಿ ವಾರಕ್ಕೆ ಇಬ್ಬರು ಮೂವರು ಮಕ್ಕಳು ಮಲಗುತ್ತಿದ್ದಾರೆ ಎಂಬ ಸುದ್ದಿ ಬಂದಾಗಲೆಲ್ಲ ಮೇಷ್ಟ್ರು ಅಯ್ಯೋ ಪಾಪ ಎನ್ನುತ್ತಿದ್ದರು. ಅವರ ಮುಖ ಮಾತ್ರ ಬೇರೆಯೇ ಹೇಳುತ್ತಿತ್ತು.

ಕೆಲವು ತಿಂಗಳು ಕಳೆದವು. ಒಂದು ಸಂಜೆ ಡಾಕ್ಟರಮ್ಮನ ಕಡೆಯಿಂದ ಸೊಳ್ಳೆ ಹಿಡಿಯುವವನು ಬಂದ. ಮೇಷ್ಟ್ರ ಮನೆಯ ಜಗಲಿಯ ಮೇಲೆ ಸ್ಟೂಲ್ ಹಾಕಿಕೊಂಡು, ಪ್ಯಾಂಟನ್ನು ಮಂಡಿಯವರೆಗೆ ಮಡಚಿ, ಬರಿಗಾಲು ಚಾಚಿ ಕುಳಿತ. ಕೈಯಲ್ಲಿ ರಬ್ಬರ್ ಕೊಳವೆ ಸೇರಿಸಿದ ಒಂದು ಗಾಜಿನ ನಳಿಕೆ. ಕಾಲ ಮೇಲೆ ಕುಳಿತ ಸೊಳ್ಳೆಯನ್ನು ಅದು ಕಚ್ಚುವ ಮೊದಲೇ ನಳಿಕೆಯೊಳಕ್ಕೆ ಎಳೆದುಕೊಳ್ಳುವುದು ಅವನ ಕಸುಬು. ಅವನಿಗೆ ಅಂದು ಉಸಿರಾಡಲು ಪುರುಸೊತ್ತಾಗಲಿಲ್ಲ. ಡಬ್ಬಿ ತುಂಬುತ್ತಿದ್ದಂತೆ ಮೇಷ್ಟ್ರಿಗೆ ಮುಜುಗರವಾಯಿತು.

"ನೋಡಿ, ಇವು ನಮ್ಮ ಬೀದಿಯವಲ್ಲ. ಆಚೆ ಬೀದಿಯವು."

"ಸೊಳ್ಳೆಗೆ ವಿಳಾಸ ಕೇಳೋ ಪದ್ಧತಿ ನಮ್ಮಲ್ಲಿಲ್ಲ ಸಾರ್" ಎಂದ ಅವನು, ಕಾಲಿನಿಂದ ಕಣ್ಣು ತೆಗೆಯದೆ. ಹೊರಡುವಾಗ, ತನ್ನ ಸರ್ವೀಸಿನಲ್ಲೇ ಇಷ್ಟು ಒಳ್ಳೆಯ ಜಾಗ ನೋಡಿಲ್ಲ ಎಂದು ಕೈಮುಗಿದ. ಮೇಷ್ಟ್ರು ಅಭ್ಯಾಸಬಲದಿಂದ ಥ್ಯಾಂಕ್ಸ್ ಹೇಳಿಬಿಟ್ಟರು.

ಮುಂದಿನ ಮಂಗಳವಾರ ಸಿಸ್ಟರ್ ಬಂದವಳು ಎಂದಿನಂತೆ ಗುಬ್ಬಿಯ ಹಣೆ ಮುಟ್ಟಿ, ಜಡೆ ಕಟ್ಟಿ, ಅತ್ತೆಯವರ ಹತ್ತಿರ ನೀರು ಕೇಳಿ ಕುಳಿತುಕೊಂಡಳು. ಲೋಟ ಖಾಲಿಯಾದ ಮೇಲೂ ಕೈಯಲ್ಲೇ ಹಿಡಿದುಕೊಂಡಿದ್ದಳು. ಅತ್ತೆಯವರು ಏನಮ್ಮಾ ಎಂದರು. ಅಷ್ಟು ಸಾಕಾಯಿತು. ಸೊಳ್ಳೆ ಹಿಡಿಯುವವನ ಡಬ್ಬಿ ನೋಡಿ ಡಾಕ್ಟರಮ್ಮ ಬೆರಗಾಗಿದ್ದಾರಂತೆ. ಇಷ್ಟು ಸೊಳ್ಳೆ ಇದ್ದೂ, ಚರಂಡಿಯ ಆಚೆ ಮಕ್ಕಳು ಮಲಗುತ್ತಿದ್ದೂ, ಈಚೆ ಒಂದೇ ಒಂದು ಜ್ವರವೂ ಇಲ್ಲ ಎಂದರೆ ಅದಕ್ಕೆ ಒಂದೇ ಅರ್ಥ. ಸಿಸ್ಟರ್ ಈ ಬೀದಿಗೆ ಬರುತ್ತಲೇ ಇಲ್ಲ, ಮನೆಯಲ್ಲಿ ಕುಳಿತು "ಜ್ವರವಿಲ್ಲ" ಎಂದು ತುಂಬಿಸಿ ಕಳಿಸುತ್ತಿದ್ದಾಳೆ. ಮುಂದಿನ ಮಂಗಳವಾರ ವಿಚಾರಣೆಗೆ ಅವರೇ ಬರುತ್ತಾರೆ. ಆಮೇಲೆ ಕೆಲಸ ಉಳಿಯುವುದಿಲ್ಲ.

"ಹೋಗಲಿ ಬಿಡಿ ಅಜ್ಜಿ" ಎಂದಳು ಸಿಸ್ಟರ್. "ಮಕ್ಕಳೆಲ್ಲ ಚೆನ್ನಾಗಿದ್ದಾರಲ್ಲ. ಅದೊಂದು ಸಮಾಧಾನ."

ಮೇಷ್ಟ್ರು ಅಲ್ಲೇ ಪೇಪರ್ ಓದುತ್ತಿದ್ದರು. ಮಗುವಿನ ಮುಖ ನೋಡದೆ ಹಾಜರಿ ಹಾಕುವುದಕ್ಕಿಂತ ದೊಡ್ಡ ಪಾಪ ಅವರ ಧರ್ಮಶಾಸ್ತ್ರದಲ್ಲಿ ಇರಲಿಲ್ಲ. ಶಾಲೆಯಲ್ಲಿ ಒಬ್ಬ ಹಾಗೆ ಮಾಡಿದ್ದಕ್ಕೆ ಅವನ ಜೊತೆ ಮಾತು ಬಿಟ್ಟು ವರ್ಷಗಳಾಗಿದ್ದವು. ಅವರು ಎದ್ದು, ಹೆಂಡತಿಯ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಅತ್ತೆಯವರು ಹಿಂದಿನಿಂದ ಹೇಳಿದರು: "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅನ್ನೋದು ಕೇಳಿದ್ದೆ. ನೀವು ಎತ್ತಿಗೆ ಜ್ವರವೇ ಇಲ್ಲ ಅಂತ ಹೇಳಿ ಎಮ್ಮೆಗೆ ಬರೆ ಹಾಕಿಸ್ತಿದ್ದೀರಿ."

ಮೇಷ್ಟ್ರು ಬೀದಿಯನ್ನು ಸೇರಿಸಿದರು. ವಿಷಯ ಕೇಳಿ ಟೈಲರನ ಹೆಂಡತಿ ಕಣ್ಣೊರೆಸಿಕೊಂಡಳು. ಆ ಹುಡುಗಿ ಕೆಲಸ ಕಳೆದುಕೊಳ್ಳಬಾರದು ಎಂಬ ವಿಷಯದಲ್ಲಿ ಎರಡು ಮಾತಿರಲಿಲ್ಲ. ಬೀದಿಯ ಹೆಸರೂ ಕೆಡದ ಹಾಗೆ ಅದನ್ನು ಮಾಡುವುದು ಹೇಗೆ ಎಂಬುದಕ್ಕೆ ಮೇಷ್ಟ್ರು ಒಂದು ಉಪಾಯ ಹುಡುಕಿದರು. ಎಲ್ಲರೂ ಡಾಕ್ಟರಮ್ಮನ ಆಫೀಸಿಗೆ ಹೋಗಿ ಸಾಕ್ಷಿ ಹೇಳುವುದು. ಏನು ಹೇಳಬೇಕೆಂಬುದನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿಸಿದರು.

ಡಾಕ್ಟರಮ್ಮ ಟೈಲರನನ್ನು ಕೇಳಿದರು. ಸಿಸ್ಟರ್ ಅವರು ಪ್ರತಿ ಮಂಗಳವಾರ ತಪ್ಪದೆ ಬಂದು ಮಕ್ಕಳ ಹಣೆಯನ್ನು ಪ್ರೀತಿಯಿಂದ ಮುಟ್ಟಿ ನೋಡುತ್ತಾರೆ ಎಂದ ಅವನು. ಅವನ ಹೆಂಡತಿಯೂ ಅದನ್ನೇ ಹೇಳಿದಳು. ಮೂರನೆಯವರು, ನಾಲ್ಕನೆಯವರು ಕೂಡ ಪ್ರೀತಿಯಿಂದ ಎಂಬಲ್ಲಿ ಸ್ವಲ್ಪ ನಿಂತು, ಉಸಿರು ತೆಗೆದುಕೊಂಡು ಮುಂದುವರಿಸಿದರು. ಇದನ್ನು ನಿಮಗೆ ಯಾರು ಹೇಳಿಕೊಟ್ಟರು ಎಂದು ಡಾಕ್ಟರಮ್ಮ ಕೇಳಿದಾಗ, ಅದಕ್ಕೆ ಉತ್ತರ ಕಲಿಸಿರಲಿಲ್ಲವಾದ್ದರಿಂದ ಎಲ್ಲರೂ ಒಟ್ಟಿಗೆ ತಿರುಗಿ ಮೇಷ್ಟ್ರ ಮುಖ ನೋಡಿದರು.

ಮೇಷ್ಟ್ರು ಬೆವರು ಒರೆಸಿಕೊಂಡು ನಿಜ ಹೇಳಿಬಿಟ್ಟರು. ಜ್ವರ ಇತ್ತು, ಬೇಕಾದಷ್ಟಿತ್ತು, ನಾವೇ ಬಚ್ಚಿಟ್ಟೆವು ಎಂದರು. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಷ್ಟು ತಿಂಗಳು ಇಲ್ಲ ಅಂದ್ರಿ. ಈಗ ಆ ಹುಡುಗಿ ಮೇಲಿನ ಮಮತೆಗೆ ಇದೆ ಅಂತಿದ್ದೀರಿ. ನಿಮ್ಮ ಮಮತೆ ನನಗೆ ಅರ್ಥವಾಗುತ್ತೆ. ಆದ್ರೆ ಮಮತೆಯನ್ನ ನಾನು ಲೆಕ್ಕಕ್ಕೆ ಹಿಡಿಯೋಕಾಗಲ್ಲ. ಮಂಗಳವಾರ ಬರ್ತೀನಿ. ಅಷ್ಟು ಜ್ವರ ಇರೋ ಬೀದಿಯಲ್ಲಿ ಒಂದಾದ್ರೂ ತೋರಿಸಿ."

ಒಂದು ಜ್ವರ. ಆಗದ ಮಾತೇನಲ್ಲ ಎಂದುಕೊಂಡು ಎಲ್ಲರೂ ವಾಪಸು ಬಂದರು.

ಆ ವಾರ ಬೀದಿಯ ಮಕ್ಕಳ ಆರೋಗ್ಯ ಎಂದೂ ಕಂಡರಿಯದಷ್ಟು ಚೆನ್ನಾಗಿತ್ತು. ಬೆಳಗಾಗುತ್ತಲೇ ತಾಯಂದಿರು ಮಕ್ಕಳ ಹಣೆ ಮುಟ್ಟಿ ನೋಡುವರು. ತಣ್ಣಗಿದ್ದರೆ ಅಯ್ಯೋ ಎನ್ನುವರು, ಆಮೇಲೆ ತಾವು ಹೇಳಿದ್ದೇನೆಂದು ಹೊಳೆದು ಕೆನ್ನೆ ಬಡಿದುಕೊಳ್ಳುವರು. ಅವಳಿಗಳು ಬೆಳಗ್ಗೆಯಿಂದ ಕತ್ತಲಾಗುವವರೆಗೆ ಓಣಿಯಲ್ಲಿ ಚೆಂಡು ಒದ್ದರು. ಬೇಕಾದಾಗ ಒಂದು ಕೆಲಸಕ್ಕೂ ಒದಗದ ಮಕ್ಕಳು ಎಂದು ಅವರ ತಾಯಿ ಕಿಟಕಿಯಲ್ಲಿ ನಿಂತು ಬೈದಳು. ಬೇಕಿದ್ದರೆ ತಾನು ಸುಮ್ಮನೆ ಮಲಗಿ ನಡುಗುತ್ತೇನೆ ಎಂದು ಚಿಕ್ಕವನು ಮುಂದೆ ಬಂದ. ಮೇಷ್ಟ್ರು ಒಪ್ಪಲಿಲ್ಲ. ಇನ್ನು ಮುಂದೆ ಸುಳ್ಳು ಬೇಡ ಎಂದರು. ಜ್ವರಕ್ಕೆ ಅಡ್ಡಿಯಾಗದಿರಲಿ ಎಂದು ಯಾರೋ ಒಬ್ಬರು ಸೊಳ್ಳೆಬತ್ತಿ ಹಚ್ಚುವುದನ್ನು ನಿಲ್ಲಿಸಿದ್ದು ಗೊತ್ತಾಗಿ, ಅತ್ತೆಯವರು ತಾವೇ ಹೋಗಿ ಹಚ್ಚಿ, ಆ ಮನೆಯ ಯಜಮಾನನಿಗೆ ಎರಡು ಮಾತು ಹೇಳಿ ಬಂದರು.

ಸೋಮವಾರ ಸಂಜೆ ಜಗಲಿಯ ಮೇಲೆ ಕುಳಿತಿದ್ದ ಮೇಷ್ಟ್ರಿಗೆ ಬೆನ್ನಹುರಿಯಲ್ಲಿ ಏನೋ ತಣ್ಣಗೆ ಹರಿದಂತಾಯಿತು. ಹಲ್ಲುಗಳು ಕಟಕಟ ಎಂದವು.

"ಬಂತು" ಎಂದರು.

"ಯಾರು ಬಂದ್ರು ರೀ?" ಎಂದಳು ಹೆಂಡತಿ ಒಳಗಿನಿಂದ.

"ಜ್ವರ."

ದೂರದೂರಿನ ನೆಂಟರಿಗೂ ಯಾರೂ ಇಷ್ಟು ಆದರದ ಸ್ವಾಗತ ಕೊಟ್ಟಿರಲಿಕ್ಕಿಲ್ಲ. ಸುದ್ದಿ ತಿಳಿದು ಟೈಲರ್ ಬಂದು, ಕಂಬಳಿಯೊಳಗೆ ಕೈ ಹಾಕಿ ಮೇಷ್ಟ್ರ ಕೈ ಹಿಡಿದು, ಬೀದಿಗೋಸ್ಕರ ನೀವು ಎಷ್ಟು ಮಾಡ್ತೀರಿ ಎಂದ. ಹೆಂಡತಿ ಆಗಲೇ ಡಾಕ್ಟರ ಹತ್ತಿರ ಹೋಗೋಣ ಎಂದಳು. ಬೆಳಗಾದರೆ ಡಾಕ್ಟರೇ ಬರುತ್ತಾರಲ್ಲ ಎಂದರು ಮೇಷ್ಟ್ರು.

ಡಾಕ್ಟರಮ್ಮ ಬಂದರು, ಹಿಂದೆ ಸಿಸ್ಟರ್ ಬಂದಳು, ಅವರ ಹಿಂದೆ ಇಡೀ ಬೀದಿ. ಮೇಷ್ಟ್ರ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎರಡು ಕಂಬಳಿಗಳ ಕೆಳಗೆ ಮಂಚ ಅಲುಗಾಡುತ್ತಿತ್ತು. ಸಿಸ್ಟರ್ ಅಂಗೈ ಉಜ್ಜಿಕೊಂಡು ಹಣೆ ಮುಟ್ಟಿದಳು, ಬೆರಳು ಚುಚ್ಚಿದಳು, ಪರೀಕ್ಷೆಯ ಪಟ್ಟಿಯ ಮೇಲೆ ರಕ್ತ ಬಿಟ್ಟು ಕಾದಳು. ಎಲ್ಲರೂ ಉಸಿರು ಬಿಗಿ ಹಿಡಿದರು.

"ಮಲೇರಿಯಾನೇ" ಎಂದಳು.

ಬೀದಿ ನಿಟ್ಟುಸಿರು ಬಿಟ್ಟಿತು. ಡಾಕ್ಟರಮ್ಮ ಮೇಷ್ಟ್ರ ವಯಸ್ಸು ಕೇಳಿದರು. ನಲವತ್ತೇಳು.

"ನಮ್ಮದು ಹತ್ತು ವರ್ಷದೊಳಗಿನ ಮಕ್ಕಳ ಲೆಕ್ಕ."

"ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ ಮೇಡಂ" ಎಂದರು ಮೇಷ್ಟ್ರು ಹಲ್ಲು ಕಟಗುಟ್ಟಿಸುತ್ತಾ.

ಆಗುವುದಿಲ್ಲ ಎಂದು ಡಾಕ್ಟರಮ್ಮ ಮೆಲ್ಲಗೆ ಹೇಳಿದರು. ಕೆಟ್ಟವರಲ್ಲ, ಹೇಳುವಾಗ ಅವರ ದನಿಯೂ ಸಣ್ಣದಾಗಿತ್ತು. ಸಿಸ್ಟರ್ ತಲೆ ತಗ್ಗಿಸಿ ಚೀಲದ ಜಿಪ್ ಎಳೆದಳು. ಆಗ ಅತ್ತೆಯವರು, ಮನೆಗೆ ಬಂದವರನ್ನು ಸುಮ್ಮನೆ ಕೂರಿಸಬಾರದೆಂಬಂತೆ, ಈ ಬೀದಿಯಲ್ಲಿ ನಮ್ಮ ಗುಬ್ಬಿಗೆ ಬಂದಷ್ಟು ಜ್ವರ ಬೇರೆ ಯಾವ ಮಗುವಿಗೂ ಬಂದಿಲ್ಲ ಎಂದರು.

ಟೈಲರನ ಹೆಂಡತಿ ಬಾಗಿಲ ಬಳಿ ನಿಂತಿದ್ದಳು. "ಹಾಗಂದ್ರೆ ಹೇಗೆ ಅಜ್ಜಿ? ನಮ್ಮ ದೊಡ್ಡವನಿಗೆ ಎರಡು ಸಲ, ಚಿಕ್ಕವನಿಗೆ ಎರಡು ಸಲ. ನಾಲ್ಕಾಯ್ತು."

"ನಿನ್ನವರು ಇಬ್ಬರು ಕಣಮ್ಮಾ. ತಲೆಗೆ ಎರಡೇ. ನಮ್ಮವಳದು ಒಂದೇ ತಲೆಗೆ ಮೂರು."

"ಮೂರನೇದು ಬರೀ ಶೀತ. ಅವತ್ತು ನಾನೂ ಆ ಡಾಕ್ಟರ ಬೆಂಚಿನ ಮೇಲೇ ಇದ್ದೆ. ಸೆರಗು ಮುಚ್ಕೊಂಡಿದ್ರೂ ಕಿವಿ ತೆರೆದೇ ಇತ್ತು."

"ಶೀತಕ್ಕೆ ಯಾರಾದ್ರೂ ಮಂಚ ಅಲ್ಲಾಡಿಸ್ತಾರಾ? ನಿನ್ನ ಚಿಕ್ಕವನ ಎರಡನೇದು ಯಾವುದು, ಹೇಳು ನೋಡೋಣ. ಮಾವಿನಕಾಯಿ ತಿಂದು ಹೊಟ್ಟೆ ಕೆಡಿಸಿಕೊಂಡಿದ್ದು ತಾನೆ?"

ಮೂಲೆಯ ಮನೆಯವಳು ಇದನ್ನು ಕೇಳಿಕೊಂಡು ಸುಮ್ಮನಿರಲಾರದೆ, ತನ್ನ ಕೂಸಿನದನ್ನು ಯಾರೂ ಎಣಿಸುತ್ತಲೇ ಇಲ್ಲ ಎಂದು ನಡುವೆ ನುಗ್ಗಿದಳು. ಕೂಸಿಗೆ ಬಂದದ್ದು ಹಲ್ಲಿನ ಜ್ವರ ಎಂದು ಇಬ್ಬರೂ ಒಟ್ಟಾಗಿ ಅವಳ ಮೇಲೆ ಬಿದ್ದರು. ಯಾವ ಬಸ್ಸು, ಯಾವ ವಾರ, ಕಂಬಳಿ ಯಾರ ಮನೆಯಿಂದ ತಂದದ್ದು, ತಂದದ್ದನ್ನು ವಾಪಸು ಕೊಟ್ಟರೋ ಇಲ್ಲವೋ, ಎಲ್ಲ ಹೊರಬಿತ್ತು.

ಡಾಕ್ಟರಮ್ಮ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತಾ ಮೆಲ್ಲಗೆ ಕುರ್ಚಿಯಲ್ಲಿ ಕುಳಿತುಕೊಂಡರು. ಅವರು ಬೇಕಾದಷ್ಟು ಸಾಕ್ಷಿಗಳನ್ನು ಕೇಳಿದವರು. ಸಾಕ್ಷಿಯನ್ನು ಬಸ್ಸಿನಲ್ಲಿ ಕಲಿಸಬಹುದು. ಇಂಥ ಜಗಳವನ್ನು ಯಾರಿಂದಲೂ ಕಲಿಸಲಾಗುವುದಿಲ್ಲ.

ಇಷ್ಟರಲ್ಲಿ ಅವಳಿಗಳಲ್ಲಿ ಚಿಕ್ಕವನಿಗೂ ತನ್ನ ಕಷ್ಟ ನೆನಪಾಯಿತು. "ಜ್ವರ ಅವನಿಗೆ, ಓಟ ನನಗೆ" ಎಂದ. "ಹಿತ್ತಿಲಿಂದ ಓಡಿ, ಓಣಿ ಸುತ್ತಿ, ಅವನ ಅಂಗಿ ಹಾಕ್ಕೊಂಡು ಬಂದು ಇನ್ನೊಂದು ಸಲ ಹಣೆ ತೋರಿಸಬೇಕಿತ್ತು."

ಸಿಸ್ಟರ್ ಚೀಲ ಕೆಳಗಿಟ್ಟು ಅವನನ್ನೇ ನೋಡಿದಳು. "ಅವತ್ತು ಏದುಸಿರು ಬಿಡ್ತಿದ್ದೆಯಲ್ಲ, ಅದು ಓಡಿದ್ದಕ್ಕಾ? ನಾನು ನಿಮ್ಮಣ್ಣನಿಗೆ ಆಸ್ತಮಾ ಇರಬಹುದು ಅಂತ ಬರೆದುಬಿಟ್ಟೆ ಕಣೋ."

"ಆ ಆಸ್ತಮಾ ನನಗೆ ನೆನಪಿದೆ" ಎಂದರು ಡಾಕ್ಟರಮ್ಮ. "ಮನೆಯಲ್ಲಿ ಕೂತು ತುಂಬಿಸೋವರು ಇಲ್ಲದ ಆಸ್ತಮಾನ ಯಾಕೆ ತುಂಬಿಸ್ತಾರೆ ಅಂತ ಆಗಲೇ ಯೋಚನೆ ಮಾಡಬೇಕಿತ್ತು ನಾನು."

ಅವರು ಸಿಸ್ಟರ್ ಕಡೆ ತಿರುಗಿ, ಎಲ್ಲರ ಎದುರಿಗೇ, ತಪ್ಪಾಯಿತಮ್ಮಾ ಎಂದರು. ದೊಡ್ಡ ಕೆಲಸದಲ್ಲಿರುವವರು ಅದನ್ನು ಹೇಳುವುದು ಅಪರೂಪ. ಸಿಸ್ಟರ್‌ಗೆ ಏನು ಮಾಡಬೇಕೋ ತಿಳಿಯದೆ, ಹತ್ತಿರವಿದ್ದ ಗುಬ್ಬಿಯ ಜಡೆಯನ್ನು, ಅದು ಸರಿಯಾಗಿಯೇ ಇದ್ದರೂ, ಬಿಚ್ಚಿ ಮತ್ತೆ ಕಟ್ಟತೊಡಗಿದಳು.

ಆಮೇಲೆ ಡಾಕ್ಟರಮ್ಮ ಪೆನ್ನು ತೆಗೆದು ತಾಯಂದಿರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡರು. ಹಲ್ಲಿನ ಜ್ವರ, ಶೀತ, ಮಾವಿನಕಾಯಿ ಎಲ್ಲ ಕಳೆದು, ಆಚೆ ತುದಿಯ ಡಾಕ್ಟರನ್ನೂ ಕೇಳಿ ಖಚಿತ ಮಾಡಿಕೊಳ್ಳುತ್ತೇನೆ ಎಂದರು. ಮುಗಿಸಿ ಏಳುವಾಗ, ಇದು ಪಂದ್ಯವಲ್ಲ, ಎಲ್ಲಿ ಮಕ್ಕಳು ಹೆಚ್ಚು ಮಲಗುತ್ತಾರೋ ಅಲ್ಲಿಗೆ ಮೊದಲು ಸೊಳ್ಳೆಪರದೆ ಕಳಿಸಿ, ಚರಂಡಿ ಮುಚ್ಚಿಸುವುದಕ್ಕೆ ಈ ಲೆಕ್ಕ, ಒಂದೂ ಇಲ್ಲ ಅಂದಿದ್ದರೆ ನಿಮಗೆ ಒಂದೂ ಸಿಗುತ್ತಿರಲಿಲ್ಲ ಎಂದು ಬಿಡಿಸಿ ಹೇಳಿದರು. ಎಲ್ಲರೂ ಮತ್ತೆ ಒಟ್ಟಿಗೆ ತಿರುಗಿ ಮಂಚದ ಕಡೆ ನೋಡಿದರು. ಮಂಚದ ಮೇಲೆ ಕಂಬಳಿಗಳು ಮಾತ್ರ ಕಾಣುತ್ತಿದ್ದವು.

ಎಲ್ಲರೂ ಹೊರಟ ಮೇಲೆ ಸಿಸ್ಟರ್ ಉಳಿದಳು. ದೊಡ್ಡವರ ಜ್ವರ ಅವಳ ಲೆಕ್ಕಕ್ಕೆ ಸೇರಿದ್ದಲ್ಲ. ಆದರೂ ಡಾಕ್ಟರಮ್ಮನನ್ನು ಕೇಳಿ ದೊಡ್ಡವರ ಮಾತ್ರೆ ತೆಗೆದಿಟ್ಟುಕೊಂಡಿದ್ದಳು. ಮೇಷ್ಟ್ರ ತಲೆಯ ಹಿಂದೆ ಕೈ ಕೊಟ್ಟು ಎಬ್ಬಿಸಿ, ಕಹಿ ಇದೆ ಸಾರ್, ಒಂದೇ ಸಲಕ್ಕೆ ನುಂಗಿ ಎಂದಳು.

ಮೇಷ್ಟ್ರು ಮಾತ್ರೆಯನ್ನು ಕೈಯಲ್ಲೇ ಹಿಡಿದುಕೊಂಡು ಸಿಸ್ಟರ್ ಮುಖ ನೋಡಿದರು. ಕ್ಷಮಿಸಿ ಎಂದು ಹೇಳಲು ಹೊರಟಂತೆ ಕಾಣುತ್ತಿತ್ತು. ಬಾಯಿಗೆ ಬಂದದ್ದು ಬೇರೆ.

"ಸಿಸ್ಟರ್, ಈಗ ಎಲ್ಲಾ ಸೇರಿಸಿದ ಮೇಲೆ, ಆಚೆ ಬೀದಿಗೂ ನಮಗೂ..."

ಸಿಸ್ಟರ್ ಬಾಗಿಲಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು. "ನಾವೇ ಮುಂದೆ ಸಾರ್. ಅವರು ಹತ್ತಿರಕ್ಕೂ ಇಲ್ಲ."

ನೀವು ಎನ್ನಲಿಲ್ಲ, ನಾವು ಎಂದಳು. ಮೇಷ್ಟ್ರು ಮಾತ್ರೆಯನ್ನು ಮುಖ ಕಿವುಚದೆ ನುಂಗಿ, ಹೆಂಡತಿಯನ್ನು ಕರೆದು, ಟೈಲರನನ್ನು ಬರಹೇಳು ಎಂದರು.

"ಯಾಕೆ?"

"ಫಲಿತಾಂಶ ತಿಳಿಸಬೇಕು."

ಹೆಂಡತಿ ಕಂಬಳಿಯನ್ನು ಗಂಡನ ಮುಖದ ಮೇಲಕ್ಕೆ ಎಳೆದು, ಸಿಸ್ಟರ್‌ಗೆ ಕುಡಿಯಲು ನೀರು ತರಲು ಹೋದಳು.